ಬೇಲಿ ಮುರಿದು ಬಂದ ಹಂದಿಗಳನ್ನು ಹೊಡೆಯಬಹುದೇ?

ಪ್ರಶ್ನೆ: ಅಮೆರಿಕದ ನಾರ್ತ್ ಕ್ಯಾರೊಲಿನಾದ ಗ್ರಹಾಮ್ ಕೌಂಟಿಯಲ್ಲಿ ನನ್ನ ಸಹೋದ್ಯೋಗಿಗೆ ಹತ್ತು ಎಕರೆ ಜಮೀನಿದೆ. ಕಳೆದ ವಾರ ಕಾಡುಹಂದಿಗಳು ಅವನ ಆಲೂಗಡ್ಡೆ ಪಾತಿಯನ್ನು ನೇಗಿಲು ಹೊಡೆದಂತೆ ಉತ್ತುಹಾಕಿವೆ. ‘ನೀನು ಕೊಡಗಿನವನಲ್ಲವೇ, ಬಾ’ ಎಂದು ಕರೆಯುತ್ತಿದ್ದಾನೆ. ಅಜ್ಜನ ಕೋವಿಗೆ ಎಣ್ಣೆ ಹಾಕಿ ಒರೆಸಿದ್ದಷ್ಟೇ ನನ್ನ ಅನುಭವ! ಇವು ಯಾರದೋ ಬೇಟೆವನದಿಂದ ತಪ್ಪಿಸಿಕೊಂಡವಂತೆ. ಹೊಡೆದರೆ ‘ನನ್ನ ಹಂದಿ’ ಎಂದು ಯಾರಾದರೂ ಬರುತ್ತಾರೆಯೇ?

ಉತ್ತರ 1: ಬರಬೇಕಾದವರು ತೀರಿಕೊಂಡು ದಶಕಗಳಾದವು. 1912ರಲ್ಲಿ ಜಾರ್ಜ್ ಗಾರ್ಡನ್ ಮೂರ್ ಎಂಬವರು ಸಿರಿವಂತ ಗೆಳೆಯರ ಮೋಜಿಗಾಗಿ ಇದೇ ಕೌಂಟಿಯ ಹೂಪರ್ ಬಾಲ್ಡ್ ಬೆಟ್ಟಕ್ಕೆ ಯುರೋಪಿನ ಹಂದಿಗಳನ್ನು ತರಿಸಿದರು. 1920ರ ದಶಕದಲ್ಲಿ ನಾಯಿ ಬಿಟ್ಟು ಬೇಟೆಯಾಡಿದಾಗ ಅವು ಮರದ ಬೇಲಿಯನ್ನೇ ಸೀಳಿಕೊಂಡು ಹೋದವು. ಆಮೇಲೆ ಸಾಕುಹಂದಿಗಳೊಂದಿಗೆ ಬೆರೆತವು. ಬೇಟೆ ಪರವಾನಗಿ ಮಾಡಿಸಿ, ಜಮೀನಿನ ಮಾಲೀಕನ ಅನುಮತಿಯನ್ನು ಬರವಣಿಗೆಯಲ್ಲೇ ಪಡೆಯಿರಿ. ಗ್ರೇಟ್ ಸ್ಮೋಕಿ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಮಾತ್ರ ಕಾಲಿಡಬೇಡಿ, ಅಲ್ಲಿ ಬೇಟೆ ನಿಷಿದ್ಧ.

ಉತ್ತರ 2: ಕೋವಿಗಿಂತ ಹಂದಿ ಹಿಡಿಯುವ ದೊಡ್ಡಿ ಮೇಲು. ಒಂದನ್ನು ಹೊಡೆದರೆ ಉಳಿದವು ಚದುರಿ ಇನ್ನಷ್ಟು ಹುಷಾರಾಗುತ್ತವೆ. ಜೋಳ ಚೆಲ್ಲಿ ಕೆಲವು ದಿನ ರೂಢಿ ಮಾಡಿಸಿ, ಇಡೀ ಹಿಂಡು ಒಳಗೆ ಬಂದಾಗ ಬಾಗಿಲು ಬೀಳಿಸಬೇಕು. ಪಕ್ಕದ ಟೆನೆಸ್ಸಿ 2011ರಲ್ಲಿ ಹಂದಿಯ ಮೋಜಿನ ಬೇಟೆಯನ್ನೇ ಕೈಬಿಟ್ಟಿತು. ಏಕೆಂದರೆ ಬೇಟೆಯ ಆಸೆಗೆ ಜನರೇ ಹಂದಿಗಳನ್ನು ಹೊಸ ಊರುಗಳಿಗೆ ಸಾಗಿಸುತ್ತಿದ್ದರು. ಕೊಯ್ಯುವಾಗ ಕೈಗವಸು ಹಾಕಿಕೊಳ್ಳಿ, ಬ್ರುಸೆಲ್ಲಾ ರೋಗಾಣು ರಕ್ತದಿಂದ ಹರಡುತ್ತದೆ. ಮಾಂಸ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಲಿ.

ಪ್ರಶ್ನೆ ಕೇಳಿದವರು: ಹಾಗಾದರೆ ಕೋವಿ ಅವನದು, ದೊಡ್ಡಿ ಕಟ್ಟುವ ಕೆಲಸ ನನ್ನದು. ಹಂದಿ ಸಾರಿಗೆ ಹಾಕುವ ನಮ್ಮ ಕೊಡಗಿನ ಹುಳಿ, ಕಾಚಂಪುಳಿಯ ಬಾಟಲಿಯನ್ನಂತೂ ಜೊತೆಗೆ ಒಯ್ಯುತ್ತಿದ್ದೇನೆ.