ಸಹಾಯ ಬೇಕು: ಭದ್ರಾವತಿ ಕಾರ್ಖಾನೆಗೆ ಇದ್ದಿಲು ಸುಟ್ಟವರ ಸುಳಿವು

ಎಲ್ಲರಿಗೂ ನಮಸ್ಕಾರ. ನನ್ನ ಮುತ್ತಜ್ಜ ಭದ್ರಾವತಿ ಕಬ್ಬಿಣದ ಕಾರ್ಖಾನೆಗಾಗಿ ಕಾಡಿನಲ್ಲಿ ಇದ್ದಿಲು ಸುಡುತ್ತಿದ್ದರು. ಅವರ ಬಗ್ಗೆ ಒಂದಾದರೂ ಲಿಖಿತ ದಾಖಲೆ ಸಿಗಬೇಕು ಅನ್ನೋದು ನನ್ನ ಆಸೆ.

ಕಾರ್ಖಾನೆಯ ಊದುಕುಲುಮೆ (ಗಾಳಿ ಊದಿ ಅದಿರು ಕರಗಿಸುವ ದೊಡ್ಡ ಕುಲುಮೆ) ಶುರುವಾಗಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ಹತ್ತಿರದಲ್ಲಿ ಇರಲಿಲ್ಲ, ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲಿನಲ್ಲೇ ಕಬ್ಬಿಣ ಕರಗಿಸುತ್ತಿದ್ದರು. ಕಾರ್ಖಾನೆ ಅಂದ ಕೂಡಲೇ ಎಲ್ಲರೂ ವಿಶ್ವೇಶ್ವರಯ್ಯನವರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಮರ ಕಡಿದವರು, ಇದ್ದಿಲು ಸುಡುವ ಗೂಡು ಕಟ್ಟಿದವರು, ಹೊಗೆಯಲ್ಲಿ ರಾತ್ರಿ ಕಾವಲು ಕೂತವರು? ಅವರೂ ಆ ಕಬ್ಬಿಣದ ಪಾಲುದಾರರೇ ಅಲ್ವಾ?

ನಮ್ಮವರು ಗುತ್ತಿಗೆದಾರರ ಕೈಕೆಳಗೆ ದುಡಿದವರು ಅಂತ ಅಜ್ಜಿ ಹೇಳುತ್ತಿದ್ದರು. ಅದೇ ಕಷ್ಟ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅಂಥವರ ಹೆಸರು ಇರುವುದು ಅನುಮಾನ. ಹೊಲ, ಮನೆ ಇರಲಿಲ್ಲ, ಹಾಗಾಗಿ ಪಹಣಿಯಲ್ಲೂ ಹುಡುಕುವ ಹಾಗಿಲ್ಲ. ಅಜ್ಜ ಓದಿದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಕಸುಬು ಬರೆದಿರಬಹುದು. ಅದನ್ನು ಕೇಳಿದ್ದೇನೆ. ಹಳೇ ಜನನ ಮರಣ ನೋಂದಣಿಯನ್ನೂ ನೋಡಬೇಕು.

ನಿಮ್ಮಲ್ಲಿ ಯಾರಾದರೂ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ಕಡತ ನೋಡಿದ್ದೀರಾ? ಇದ್ದಿಲು ಗುತ್ತಿಗೆಯ ಕಾಗದಗಳು ಯಾವ ಶೀರ್ಷಿಕೆಯಲ್ಲಿ ಸಿಗಬಹುದು? ಭದ್ರಾವತಿ, ತರೀಕೆರೆ, ಲಕ್ಕವಳ್ಳಿ ಕಡೆ ಇದ್ದಿಲು ಗೂಡುಗಳ ಜಾಗ ಗೊತ್ತಿರುವ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಮಾತಾಡಿಸುತ್ತೇನೆ. ಮನೆಯಲ್ಲಿ ಕೂಲಿ ಚೀಟಿ, ಹಳೇ ಗುಂಪು ಫೋಟೋ ಇದ್ದರೆ ಹಿಂಬದಿಯಲ್ಲಿ ಬರೆದಿರುವುದನ್ನೂ ಸೇರಿಸಿ ಫೋಟೋ ತೆಗೆದು ಕಳಿಸಿ. ಮುತ್ತಜ್ಜನ ಹೆಸರು, ಊರು ಕೇಳಿದವರಿಗೆ ಖಾಸಗಿಯಾಗಿ ಕೊಡುತ್ತೇನೆ.