ತಾಲೂಕು ಮಾಜಿ ಸೈನಿಕರ ಸಂಘ: ಹಾರ ಹಾಕುವುದರ ಆಚೆಗೆ ಏನು ಮಾಡಬಹುದು?

ಸ್ಯಾಪರ್_ಅರಕಲಗೂಡು

ಎಲ್ಲರಿಗೂ ನಮಸ್ಕಾರ. ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ 24 ವರ್ಷ ಇದ್ದು ಹವಾಲ್ದಾರ್ ಆಗಿ ಪೆನ್ಷನ್ ಬಂದವನು ನಾನು. ಊರು ಹಾಸನ ಜಿಲ್ಲೆಯ ಅರಕಲಗೂಡು ಕಡೆ. ಎರಡು ವರ್ಷದಿಂದ ಇಲ್ಲಿನ ಮಾಜಿ ಸೈನಿಕರ ಸಂಘಕ್ಕೆ ಕಾರ್ಯದರ್ಶಿ.

ಸಂಘದಿಂದ ವರ್ಷಕ್ಕೆ ಮೂರು ಕಾರ್ಯಕ್ರಮ ಗ್ಯಾರಂಟಿ. ಜನವರಿ 15ಕ್ಕೆ ಸೇನಾ ದಿನ, ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7ಕ್ಕೆ ಧ್ವಜ ದಿನ. ಶಾಮಿಯಾನ, ಮೈಕು, ಶಾಲೆ ಮಕ್ಕಳ ಹಾಡು, ಬಂದವರಿಗೆ ಶಾಲು, ಆಮೇಲೆ ಊಟ. ಇದು ಬೇಡ ಅಂತ ನಾನು ಹೇಳುತ್ತಿಲ್ಲ. ಸತ್ತವರ ಹೆಸರು ವರ್ಷಕ್ಕೊಂದು ಸಲವಾದರೂ ಊರಿನ ಕಿವಿಗೆ ಬೀಳಬೇಕು.

ಆದರೆ ಈ ಸಲದ ಕಾರ್ಗಿಲ್ ದಿವಸದಂದು ಒಬ್ಬ ಅಜ್ಜಿ ಹಿಂದಿನ ಸಾಲಿನಲ್ಲಿ ಬೆಳಿಗ್ಗೆಯಿಂದ ಕೂತಿದ್ದರು. ಊಟಕ್ಕೂ ಏಳಲಿಲ್ಲ. ಎಲ್ಲ ಹೋದ ಮೇಲೆ ಕುರ್ಚಿ ಎತ್ತಿಡುತ್ತಿದ್ದಾಗ ಹತ್ತಿರ ಬಂದು ಬಟ್ಟೆ ಅಂಗಡಿಯ ಒಂದು ಕವರ್ ಕೊಟ್ಟರು. ಒಳಗೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಡಿಸ್ಚಾರ್ಜ್ ಬುಕ್, ಮಡಿಕೆ ಹರಿದ ಪಿಪಿಒ (ಪೆನ್ಷನ್ ಪಾವತಿ ಆದೇಶ), ಬ್ಯಾಂಕ್ ಪಾಸ್‌ಬುಕ್. ಯಜಮಾನರು ನಮ್ಮದೇ ರೆಜಿಮೆಂಟಿನವರು, ತೀರಿಕೊಂಡು 14 ತಿಂಗಳು. ಅಲ್ಲಿಂದ ಇಲ್ಲಿಯವರೆಗೆ ಒಂದು ರೂಪಾಯಿ ಫ್ಯಾಮಿಲಿ ಪೆನ್ಷನ್ ಬಂದಿಲ್ಲ. ಬ್ಯಾಂಕಿನವರು ಅಲ್ಲಿ ಹೋಗಿ ಅಂದರು, ಅಲ್ಲಿಯವರು ಇನ್ನೊಂದು ಕಡೆ ಕಳಿಸಿದರು. ಪಿಪಿಒದಲ್ಲಿ ಹೆಸರು ಜಯಮ್ಮ, ಆಧಾರಿನಲ್ಲಿ ಜಯಲಕ್ಷ್ಮಮ್ಮ. ಅಷ್ಟಕ್ಕೇ ನಿಂತಿದೆ. (ಅವರ ನಿಜವಾದ ಹೆಸರು ಬೇರೆ, ಇಲ್ಲಿ ಬದಲಿಸಿದ್ದೇನೆ.) ಬ್ಯಾನರ್ ಮೇಲೆ ಸೈನಿಕರ ಸಂಘ ಅಂತ ಇದ್ದದ್ದು ನೋಡಿ, ಇದೇ ಪೆನ್ಷನ್ ಆಫೀಸು ಅಂದುಕೊಂಡು ಎರಡು ಬಸ್ ಬದಲಿಸಿ ಬಂದಿದ್ದರು.

ನನಗೆ ಏನು ಹೇಳಬೇಕು ಅಂತಾನೇ ಗೊತ್ತಾಗಲಿಲ್ಲ. ಫೋನ್ ನಂಬರ್ ಬರೆದುಕೊಂಡು ಬಸ್ ಹತ್ತಿಸಿ ಬಂದೆ.

ಅವತ್ತಿನಿಂದ ತಲೆಯಲ್ಲಿ ಇದೇ ಓಡುತ್ತಿದೆ. ಸಂಘದ ಹಿರಿಯರು "ಅದು ಸೈನಿಕ ಬೋರ್ಡಿನ ಕೆಲಸ, ನಮಗ್ಯಾಕೆ" ಅನ್ನುತ್ತಾರೆ (ಬೋರ್ಡ್ ಅಂದರೆ ಮಾಜಿ ಸೈನಿಕರ ಕಲ್ಯಾಣ ನೋಡುವ ಸರ್ಕಾರಿ ಕಚೇರಿ). ನಿಮ್ಮ ಕಡೆ ಸಂಘದಿಂದಲೇ ಈ ಥರ ಪೇಪರ್ ಕೆಲಸ ಮಾಡಿಕೊಡುವವರು ಇದ್ದೀರಾ? ಹೇಗೆ ಶುರು ಮಾಡಿದಿರಿ, ಯಾರು ಕೂರುತ್ತಾರೆ, ಖರ್ಚು ಎಷ್ಟಾಗುತ್ತದೆ, ದಯವಿಟ್ಟು ತಿಳಿಸಿ.

ಸುಬೇದಾರ್_ಬೈಲಹೊಂಗಲ

ಸರ, ಮೊದಲು ಆ ತಾಯಿಯ ಕೆಲಸ ಮಾಡೋಣ, ಸಂಘದ ವಿಷಯ ಆಮೇಲೆ. ನಾನು ಕ್ಲರ್ಕ್ ಟ್ರೇಡಿನವನು, ಕೊನೆಯ ಕೆಲವು ವರ್ಷ ಇದೇ ಕಾಗದಗಳ ನಡುವೆ ಕಳೆದಿದ್ದೇನೆ.

ಪಿಪಿಒದಲ್ಲಿ ಹೆಂಡತಿ ಹೆಸರು ಇದೆ ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಹೆಸರೇ ಇಲ್ಲದವರ ಪಾಡು ಇದಕ್ಕಿಂತ ದೊಡ್ಡದು. ಇಲ್ಲಿ ಬರೀ ಹೆಸರಿನ ವ್ಯತ್ಯಾಸ. ಇದು ತುಂಬಾ ಕಾಣುವ ತೊಂದರೆ, ಯಾಕಂದರೆ ಮದುವೆಯಾದಾಗ ಪಾರ್ಟ್ ಟೂ ಆರ್ಡರ್ (ಮದುವೆಯನ್ನು ಸೇನೆಯ ದಾಖಲೆಗೆ ಸೇರಿಸುವ ಆದೇಶ) ಮಾಡಿಸುವ ಹೊತ್ತಿಗೆ ಹುಡುಗ ಎಲ್ಲೋ ಬಾರ್ಡರಿನಲ್ಲಿ ಇರುತ್ತಾನೆ, ಮನೆಯಲ್ಲಿ ಕರೆಯುವ ಹೆಸರು ಹೇಳುತ್ತಾನೆ, ಕನ್ನಡ ಬಾರದ ಕ್ಲರ್ಕ್ ಕಿವಿಗೆ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಮೂವತ್ತು ವರ್ಷ ಅದನ್ನು ಯಾರೂ ತೆಗೆದು ನೋಡುವುದಿಲ್ಲ.

ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್, ಆಧಾರ್, ಮರಣ ಪ್ರಮಾಣಪತ್ರ, ಪಿಪಿಒ, ಡಿಸ್ಚಾರ್ಜ್ ಬುಕ್ಕಿನ ಫ್ಯಾಮಿಲಿ ಪುಟದ ಜೆರಾಕ್ಸ್ ಇಷ್ಟು ಸೆಟ್ ಮಾಡಿ ಹಾಸನದ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳಿಸಿ. ಸ್ಯಾಪರ್ಸ್ ರೆಕಾರ್ಡ್ಸ್ ಬೆಂಗಳೂರಿನಲ್ಲೇ ಇದೆ, ನೀವೇ ಒಂದು ದಿನ ಹೋಗಿ ಬಂದರೆ ಇನ್ನೂ ಒಳ್ಳೆಯದು. ಜೊತೆಗೆ ಸಾವಿನ ಸುದ್ದಿ ಸ್ಪರ್ಶ್‌ನಲ್ಲಿ (ಸೈನಿಕರ ಪೆನ್ಷನ್‌ನ ಆನ್‌ಲೈನ್ ವ್ಯವಸ್ಥೆ) ದಾಖಲಾಗಿದೆಯಾ ನೋಡಿ. ಆಗಿಲ್ಲದೆ ಯಜಮಾನರ ಪೆನ್ಷನ್ ಹಾಗೇ ಖಾತೆಗೆ ಬರುತ್ತಿದ್ದರೆ ಅದನ್ನು ಮುಟ್ಟಬಾರದು, ಮುಂದೆ ಮುರಿದುಕೊಳ್ಳುತ್ತಾರೆ. ಆ ತಾಯಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಯಜಮಾನರು ತೀರಿಕೊಂಡ ಮರುದಿನದಿಂದ ಲೆಕ್ಕ ಹಾಕಿ ಬಾಕಿ ಪೂರ್ತಿ ಬರುತ್ತದೆ. 14 ತಿಂಗಳು ಹೋಯಿತು ಅಂತ ಅವರು ಕೊರಗುತ್ತಿರುತ್ತಾರೆ.

ಇನ್ನು ಸಂಘ. ನಾವು ತಿಂಗಳ ಎರಡನೇ ಭಾನುವಾರ ಒಂದೊಂದು ಹೋಬಳಿಯಲ್ಲಿ ಕೂರುತ್ತೇವೆ. ತಾಲೂಕು ಕೇಂದ್ರದಲ್ಲಿ ಕೂತರೆ ಬರುವವರು ಓಡಾಡುವ ಶಕ್ತಿ ಇರುವವರೇ. ಪಂಚಾಯ್ತಿ ಕಟ್ಟೆಯೋ, ಗುಡಿಯ ಜಗಲಿಯೋ ಸಾಕು. ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಒಂದು ದಪ್ಪ ನೋಟ್‌ಬುಕ್. ಆ ನೋಟ್‌ಬುಕ್ಕೇ ನಮ್ಮ ಆಸ್ತಿ ನೋಡ್ರಿ. ಯಾರ ಮನೆಯಲ್ಲಿ ಯಾರಿದ್ದಾರೆ, ಪಿಪಿಒದಲ್ಲಿ ಹೆಂಡತಿ ಹೆಸರು ಹೇಗಿದೆ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದೆಯಾ, ಜೀವನ್ ಪ್ರಮಾಣ್ (ಪೆನ್ಷನ್‌ದಾರರು ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ) ಯಾವ ತಿಂಗಳಿಗೆ ಬಾಕಿ. ಗಂಡ ಬದುಕಿದ್ದಾಗಲೇ ಹೆಸರು ಸರಿ ಮಾಡಿಸಿದರೆ ಒಂದು ಅರ್ಜಿಯ ಕೆಲಸ. ಸತ್ತ ಮೇಲೆ ವರ್ಷಗಟ್ಟಲೆ ಅಲೆದಾಟ.

ಬೋರ್ಡಿನ ಕೆಲಸ ನಮಗ್ಯಾಕೆ ಅನ್ನುವವರಿಗೆ ಹೇಳಿ, ಎಲ್ಲ ಜಿಲ್ಲೆಗೂ ಪ್ರತ್ಯೇಕ ಕಚೇರಿ ಇಲ್ಲ, ಇರುವ ಕಡೆ ಸಿಬ್ಬಂದಿ ಕಮ್ಮಿ. ಮನೆಮನೆಗೆ ಬರಲು ಅವರ ಕೈಯಲ್ಲಿ ಆಗದು. ಬೋರ್ಡಿನ ತನಕ ಕಾಗದ ತಲುಪಿಸುವವರು ನಾವೇ ಆಗಬೇಕು.

ಸೇವಾಕೇಂದ್ರ_ಪಿರಿಯಾಪಟ್ಟಣ

ನಾನು ಸೈನಿಕರ ಮನೆಯವಳಲ್ಲ, ಸಿಎಸ್‌ಸಿ ಸೆಂಟರ್ (ಸರ್ಕಾರಿ ಆನ್‌ಲೈನ್ ಸೇವೆ ಮಾಡಿಕೊಡುವ ಕೇಂದ್ರ) ನಡೆಸುತ್ತೇನೆ. ಆದರೂ ಬರೆಯಬೇಕು ಅನಿಸಿತು, ಯಾಕಂದರೆ ಪೆನ್ಷನ್ ನಿಂತು ಅಳುತ್ತಾ ಬರುವವರನ್ನು ಮೊದಲು ನೋಡುವುದು ನಾವು.

ಜೀವನ್ ಪ್ರಮಾಣ್ ಮಾಡುವಾಗ ಬೆರಳಚ್ಚು ಕೂರುವುದಿಲ್ಲ. ಹೊಗೆಸೊಪ್ಪಿನ ಕೆಲಸ ಮಾಡಿದ ಕೈಗಳು, ಬೆರಳ ತುದಿ ಸವೆದು ನುಣ್ಣಗಾಗಿರುತ್ತವೆ. ಒಬ್ಬ ಅಜ್ಜಿ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಹತ್ತು ಬೆರಳೂ ಒಂದೊಂದಾಗಿ ಇಟ್ಟರು, ಒಂದೂ ಆಗಲಿಲ್ಲ. "ನಾನು ಬದುಕಿದ್ದೀನಿ ಅಂತ ಮಿಷನ್ನಿಗೆ ಗೊತ್ತಾಗ್ತಿಲ್ವಾ ಮಗಳೇ" ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಮುಖ ನೋಡಿ ಜೀವನ್ ಪ್ರಮಾಣ್ ಮಾಡುವ ವ್ಯವಸ್ಥೆ ಇದೆ, ಸಾಧಾರಣ ಆಂಡ್ರಾಯ್ಡ್ ಫೋನ್ ಸಾಕು. ಆಧಾರ್ ಫೇಸ್ ಆರ್‌ಡಿ, ಜೀವನ್ ಪ್ರಮಾಣ್ ಎರಡೂ ಆ್ಯಪ್ ಹಾಕಿಕೊಂಡು ಅವರ ಮನೆ ಜಗಲಿಯಲ್ಲೇ ಮಾಡಿಕೊಡಬಹುದು. ಬೆಳಕು ಮುಖದ ಮೇಲೆ ಬೀಳಬೇಕು, ಹಿಂದಿನಿಂದ ಬಿಸಿಲು ಇರಬಾರದು.

ಇನ್ನೊಂದು ಮುಖ್ಯ. ಪೆನ್ಷನ್ ಸ್ಪರ್ಶ್‌ಗೆ ಹೋಗಿರುವವರಿಗೆ, ಹಣ ಕೊಡುವ ಕಚೇರಿ ಅನ್ನುವ ಜಾಗದಲ್ಲಿ ಹಳೇ ಬ್ಯಾಂಕ್ ಹೆಸರು ಆರಿಸಬೇಡಿ. ಸ್ಪರ್ಶ್ ಪಿಸಿಡಿಎ (ಸೈನಿಕರ ಪೆನ್ಷನ್ ಲೆಕ್ಕ ನೋಡುವ ಕಚೇರಿ) ಅನ್ನುವುದನ್ನೇ ಆರಿಸಬೇಕು. ಬ್ಯಾಂಕ್ ಆರಿಸಿದರೂ ಪ್ರಮಾಣಪತ್ರ ಬರುತ್ತದೆ, ಪ್ರಿಂಟೂ ಸಿಗುತ್ತದೆ, ಆಯ್ತು ಅಂತ ಖುಷಿಯಲ್ಲಿ ಮನೆಗೆ ಹೋಗುತ್ತಾರೆ. ಆದರೆ ಅದು ಹೋಗಿ ಸೇರುವುದು ಬೇರೆ ಕಡೆ. ಕೆಲವು ತಿಂಗಳಾದ ಮೇಲೆ ಪೆನ್ಷನ್ ನಿಂತಾಗಲೇ ಗೊತ್ತಾಗುವುದು. ಮೊದಮೊದಲು ನನ್ನಿಂದಲೂ ಈ ತಪ್ಪು ಆಗಿದೆ, ಆ ಮನೆಯವರಿಗೆ ಎರಡು ತಿಂಗಳು ಕಷ್ಟವಾಯಿತು. ನಿಮ್ಮ ತಾಲೂಕಿನ ಸೆಂಟರಿನವರನ್ನು ಕೂರಿಸಿಕೊಂಡು ಒಂದು ಸಲ ಇದನ್ನು ಹೇಳಿಕೊಡಿ ಅಣ್ಣ, ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮಡಿಕೇರಿ_ಬೆಟ್ಟ

ಪೇಪರ್ ಕೆಲಸದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಬರೀ ಅಷ್ಟಕ್ಕೇ ನಿಲ್ಲಿಸಬೇಡಿ ಅಂತ ನನ್ನ ಕೋರಿಕೆ.

ನಮ್ಮ ಕೊಡಗಿನಲ್ಲಿ ಮನೆಗೊಬ್ಬ ಸೈನಿಕ ಅನ್ನುತ್ತಾರೆ. ಕಾರ್ಯಪ್ಪನವರು ಹುಟ್ಟಿದ ಶನಿವಾರಸಂತೆ ನಿಮ್ಮ ಅರಕಲಗೂಡಿಗೆ ದೂರವೇನಲ್ಲ. ಅವರು 1953ರಲ್ಲಿ ನಿವೃತ್ತರಾದ ಮೇಲೆ ಸುಮ್ನೆ ಕೂರಲಿಲ್ಲ, 1964ರಲ್ಲಿ ಮಾಜಿ ಸೈನಿಕರಿಗಾಗಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಕಟ್ಟಿದರು. ಇಡೀ ಸೇನೆಯ ಮುಖ್ಯಸ್ಥರಾಗಿದ್ದವರಿಗೇ ಜವಾನರ ಕಷ್ಟಕ್ಕೆ ಒಂದು ಸಂಘ ಬೇಕು ಅನಿಸಿತ್ತು. ನಿಮ್ಮ ಹಿರಿಯರಿಗೆ ಇದನ್ನು ಹೇಳಿ.

ನಾನು ಹೇಳಬೇಕಿರುವುದು 38, 40 ವಯಸ್ಸಿಗೆ ಮನೆಗೆ ಬರುವವರ ಬಗ್ಗೆ. ಬೆಳಿಗ್ಗೆ ಐದಕ್ಕೆ ಏಳುವ ಅಭ್ಯಾಸ ಹಾಗೇ ಇರುತ್ತದೆ, ಎದ್ದು ಮಾಡಲು ಏನೂ ಇರುವುದಿಲ್ಲ. ಹೆಂಡತಿ ಮಕ್ಕಳು ಅವರಿಲ್ಲದ ಬದುಕಿಗೆ ಒಗ್ಗಿಹೋಗಿರುತ್ತಾರೆ. ನನ್ನ ಜೊತೆಯೇ ಪೆನ್ಷನ್ ಬಂದ ಒಬ್ಬ ಗೆಳೆಯ ಮೊದಲು ಸಂಜೆ ಕುಡಿಯುತ್ತಿದ್ದ, ಆಮೇಲೆ ಮಧ್ಯಾಹ್ನ, ಆಮೇಲೆ ಫೋನ್ ಎತ್ತುವುದೇ ಬಿಟ್ಟ. ತೋಟದ ಲೈನ್ ಮನೆಯಲ್ಲಿ ಒಬ್ಬನೇ ಇದ್ದು ತೀರಿಕೊಂಡ. ಅವನ ಕಾಗದಗಳೆಲ್ಲ ಸರಿಯಾಗೇ ಇದ್ದವು, ಪೆನ್ಷನ್ ತಪ್ಪದೆ ಬರುತ್ತಿತ್ತು. ನಾವು ಹೋಗಲಿಲ್ಲ, ಅಷ್ಟೇ. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಈಗ ನಾವು ಆರು ಜನ ಶಾಲೆ ಮೈದಾನದಲ್ಲಿ ಬೆಳಿಗ್ಗೆ ಹುಡುಗರಿಗೆ ಭರ್ತಿ ರ‍್ಯಾಲಿಗೆ ತಯಾರಿ ಕೊಡುತ್ತೇವೆ. 1.6 ಕಿ.ಮೀ. ಓಟ, ಬೀಮ್ ಹಿಡಿದು ಮೈ ಮೇಲೆತ್ತುವುದು, ಒಂಬತ್ತು ಅಡಿ ಹಳ್ಳ ಹಾರುವುದು. ಹುಡುಗರಿಗಿಂತ ಜಾಸ್ತಿ ಉಪಯೋಗ ಆಗಿರುವುದು ನಮಗೇ. ಒಬ್ಬ ಎರಡು ದಿನ ಬರದಿದ್ದರೆ ಮೂರನೇ ದಿನ ಅವನ ಮನೆಗೆ ಹೋಗುತ್ತೇವೆ, ಅದು ನಮ್ಮ ಕಟ್ಟಳೆ.

ಅಗ್ನಿವೀರರನ್ನೂ ಈಗಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೊದಲ ಬ್ಯಾಚ್ 2023ರ ಜನವರಿಯಲ್ಲಿ ತರಬೇತಿಗೆ ಹೋದದ್ದು. ನಾಲ್ಕು ವರ್ಷ ಮುಗಿದ ಮೇಲೆ ನಾಲ್ಕರಲ್ಲಿ ಹೆಚ್ಚೆಂದರೆ ಒಬ್ಬರನ್ನು ಉಳಿಸಿಕೊಳ್ಳುತ್ತಾರೆ, ಉಳಿದವರು ಸೇವಾ ನಿಧಿ ಅನ್ನುವ ಇಡುಗಂಟು ತೆಗೆದುಕೊಂಡು ಮನೆಗೆ. ಅವರಿಗೆ ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಸರ್ಕಾರದ ಕಾಗದದಲ್ಲಿ ಅವರು ಮಾಜಿ ಸೈನಿಕರಲ್ಲದಿರಬಹುದು, ನಿಮ್ಮ ಸಂಘದ ಪುಸ್ತಕದಲ್ಲಿ ಆಗಬಹುದು ಅಲ್ವಾ? ಬೈಲಾದಲ್ಲಿ ಒಂದು ಸಾಲು ಸೇರಿಸಿ.

ಸುಬೇದಾರ್_ಬೈಲಹೊಂಗಲ

ಮಡಿಕೇರಿ ಸರ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ನಾವು ನೋಟ್‌ಬುಕ್ಕಿನಲ್ಲಿ ಪಿಪಿಒ ನಂಬರ್ ಬರೆದೆವು, ಮನುಷ್ಯ ಹೇಗಿದ್ದಾನೆ ಅಂತ ಬರೆಯಲಿಲ್ಲ. ಮುಂದಿನ ತಿಂಗಳಿಂದ ಅದೂ ಇರುತ್ತದೆ.

ಒಂದು ಬಿಟ್ಟುಹೋಗಿತ್ತು. ಪೆನ್ಷನ್ನೇ ಇಲ್ಲದ ಹಳಬರು ನಿಮ್ಮ ಹಳ್ಳಿಗಳಲ್ಲಿ ಇದ್ದೇ ಇರುತ್ತಾರೆ. 1971ರ ಯುದ್ಧದ ಹೊತ್ತಿಗೆ ಸೇರಿ, 15 ವರ್ಷ ತುಂಬುವ ಮುಂಚೆ ಮನೆಗೆ ಬಂದವರು. 65 ದಾಟಿದ, ಹವಾಲ್ದಾರ್ ರ‍್ಯಾಂಕಿನವರೆಗಿನ ಪೆನ್ಷನ್ ಇಲ್ಲದವರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಬೋರ್ಡಿನಿಂದ ಪೆನ್ಯೂರಿ ಗ್ರಾಂಟ್ (ಕಡು ಬಡತನದಲ್ಲಿರುವವರಿಗೆ ಸಹಾಯಧನ) ಇದೆ. ತಿಂಗಳಿಗೆ 4,000 ಇದ್ದದ್ದು, 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗಳಿಗೆ 8,000 ಆಗಿದೆ. ಧ್ವಜ ದಿನದಂದು ನಾವು ಡಬ್ಬಿ ಹಿಡಿದು ಎತ್ತುವ ದುಡ್ಡು ಸೇರುವ ನಿಧಿಯಿಂದಲೇ ಇದು ಬರುವುದು. ಇದನ್ನು ಕಾರ್ಯಕ್ರಮದಲ್ಲಿ ಮೈಕಿನಲ್ಲಿ ಹೇಳಿ, ಜನ ಕೇಳಿಸಿಕೊಳ್ಳಲಿ.

ಸೈನಿಕನ_ಮಗಳು

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೋದರು. ಸಂಘದ ಎಲ್ಲ ಅಂಕಲ್‌ಗಳೂ ಬಂದಿದ್ದರು, ಯೂನಿಫಾರಂ ಮೆಡಲ್ ಹಾಕಿಕೊಂಡು. ಅಪ್ಪನಿಗೆ ಸಲ್ಯೂಟ್ ಹೊಡೆದದ್ದು ನಾನು ಮರೆಯುವುದಿಲ್ಲ, ಅದು ನಮಗೆ ದೊಡ್ಡ ಧೈರ್ಯ. ಆದರೆ ತಿಥಿ ಆದ ಮೇಲೆ ಒಬ್ಬರೂ ಬರಲಿಲ್ಲ.

ಅಮ್ಮ ಸಂಘದ ಮೀಟಿಂಗಿಗೆ ಒಂದೇ ಸಲ ಹೋದದ್ದು. ಹಾಲ್ ತುಂಬಾ ಗಂಡಸರು. ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದರು. ಬಿಎಸ್ಸಿ ಮುಗಿದ ಮೇಲೆ ನನಗೆ ಗೊತ್ತಾಯಿತು, ಹವಾಲ್ದಾರ್‌ವರೆಗಿನವರ ಮಕ್ಕಳಿಗೆ ಡಿಗ್ರಿ ತನಕ ಓದಿನ ಸಹಾಯಧನ ಇತ್ತು, ನಾಯಕ್ ಆಗಿದ್ದ ನಮ್ಮಪ್ಪನ ಮಗಳಾದ ನನಗೂ ಸಿಗಬಹುದಿತ್ತು ಅಂತ. ಇಂಜಿನಿಯರಿಂಗ್, ನರ್ಸಿಂಗ್ ಥರದ ಕೋರ್ಸಿಗೆ ಸೇರುವವರಿಗೆ ಪ್ರಧಾನ ಮಂತ್ರಿ ಸ್ಕಾಲರ್‌ಶಿಪ್ ಬೇರೆ ಇದೆ, ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500. ಸೆಕೆಂಡ್ ಪಿಯುಸಿಯಲ್ಲಿ 60 ಪರ್ಸೆಂಟ್ ಇರಬೇಕು. ದಯವಿಟ್ಟು ರಿಸಲ್ಟ್ ಬರುವ ತಿಂಗಳಲ್ಲಿ ಮನೆಗಳಿಗೆ ಫೋನ್ ಮಾಡಿ.

ನಿಮ್ಮ ಟೇಬಲ್ಲಿನಲ್ಲಿ ಒಬ್ಬ ಹೆಂಗಸು ಕೂರಲಿ ಅಂಕಲ್. ಯಾರಾದರೂ ವೀರ ನಾರಿಯೇ (ಹುತಾತ್ಮ ಸೈನಿಕರ ಹೆಂಡತಿ) ಆದರೆ ಇನ್ನೂ ಒಳ್ಳೆಯದು. ನಮ್ಮಮ್ಮನಂಥವರು ಎಲ್ಲವನ್ನೂ ಗಂಡಸರ ಮುಂದೆ ಹೇಳಲ್ಲ, ಮಗನೇ ಪೆನ್ಷನ್ ದುಡ್ಡು ಕಿತ್ತುಕೊಳ್ಳುತ್ತಾನೆ ಅನ್ನುವಂಥದ್ದನ್ನು ಅಂತೂ ಹೇಳುವುದೇ ಇಲ್ಲ.

ಸ್ಯಾಪರ್_ಅರಕಲಗೂಡು

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಅಫಿಡವಿಟ್ ಮಾಡಿಸಿ ಕಾಗದ ಹಾಸನದಲ್ಲಿ ಕೊಟ್ಟೆವು. ಆಮೇಲೆ ನಾನೇ ಅಜ್ಜಿಯನ್ನೂ ಅವರ ಮೊಮ್ಮಗನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಸಾವು ಸ್ಪರ್ಶ್‌ನಲ್ಲಿ ದಾಖಲೇ ಆಗಿರಲಿಲ್ಲ, ಈಗ ಆಗಿದೆ. ದುಡ್ಡು ಇನ್ನೂ ಬಂದಿಲ್ಲ, ಆದರೆ ಅರ್ಜಿ ನಂಬರ್ ಕೈಯಲ್ಲಿದೆ. ಬಾಕಿ ಪೂರ್ತಿ ಬರುತ್ತದೆ ಅಂದಾಗ ಅಜ್ಜಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಹಿರಿಯರಿಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಮಗಳು ಬರೆದದ್ದು ಓದಿದಾಗ ಯಾರೂ ಮಾತಾಡಲಿಲ್ಲ. ನಮ್ಮ ಅಧ್ಯಕ್ಷರ ಮನೆಯವರೇ ಟೇಬಲ್ಲಿಗೆ ಕೂರುತ್ತೇನೆ ಅಂದಿದ್ದಾರೆ, ಜೊತೆಗೆ ಒಬ್ಬ ವೀರ ನಾರಿಯನ್ನು ಕೇಳಿದ್ದೇವೆ. ಪ್ರಿಂಟರ್ ಒಬ್ಬರು ಕೊಟ್ಟರು. ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 10ಕ್ಕೆ ಕೊಣನೂರಿನಲ್ಲಿ ಮೊದಲ ಸಲ ಕೂರುತ್ತೇವೆ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಪಿಪಿಒ, ಡಿಸ್ಚಾರ್ಜ್ ಬುಕ್, ಗಂಡ ಹೆಂಡತಿ ಇಬ್ಬರದೂ ಆಧಾರ್ ತನ್ನಿ. ಬರಲು ಆಗದವರು ಅಕ್ಕಪಕ್ಕದ ಮನೆಯಲ್ಲಿದ್ದರೆ ಹೆಸರು, ಊರು ಬರೆದುಕೊಂಡು ಬನ್ನಿ, ಮಧ್ಯಾಹ್ನದ ಮೇಲೆ ನಾವೇ ಬೈಕಿನಲ್ಲಿ ಹೋಗಿ ಬರುತ್ತೇವೆ.