ಬೋಟ್ ಮೋಟರಿನ ‘ಪಂಖಾ’ ಯಾವುದು? ‘ಎಂಜಿನ್ ಹಿಡದದ’ ಅಂದರೆ ಏನಾಗಿದೆ?

ಎಲ್ಲರಿಗೂ ಶರಣು.

ದೋಣಿಯ ಹಿಂದಿನ ಹಲಗೆಗೆ ಸಿಗಿಸುವ ಹಳೆಯ ಟೂ ಸ್ಟ್ರೋಕ್ ಮೋಟರುಗಳನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಕನ್ನಡದಲ್ಲಿ ಒಂದು ಕೈಪಿಡಿ ತಯಾರಾಗುತ್ತಿದೆ. ಓದುವವರು ಯಾದಗಿರಿ, ಶಹಾಪುರ, ಅಫಜಲಪುರ ಕಡೆಯ ಪಂಪ್‌ಸೆಟ್ ಮತ್ತು ಸ್ಕೂಟರ್ ಮೆಕ್ಯಾನಿಕರು. ಪಾನಾ ಹಿಡಿಯಲು ಅವರಿಗೆ ಯಾರೂ ಕಲಿಸಬೇಕಿಲ್ಲ, ಈ ಯಂತ್ರ ಮಾತ್ರ ಹೊಸದು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಂಥ ನೆರೆಯಲ್ಲಿ ಹಗ್ಗ ಎಳೆದ ಕೂಡಲೇ ಮೋಟರು ಸುರು ಆಗಬೇಕಾದರೆ ಈ ಕೆಲಸ ಬೇಸಿಗೆಯಲ್ಲೇ ಮುಗಿದಿರಬೇಕು. ಹಾಗಾಗಿ ಕೈಪಿಡಿಯ ಒಂದು ಪದವೂ ದಾರಿ ತಪ್ಪಿಸಬಾರದು.

ಮೊದಲ ತೊಡಕು ‘ಪಂಖಾ’. ನೀರಿನೊಳಗೆ ತಿರುಗಿ ದೋಣಿಯನ್ನು ಮುಂದೆ ನೂಕುವ ಲೋಹದ ರೆಕ್ಕೆಗಳಿಗೂ ಪಂಖಾ ಎನ್ನುತ್ತಾರೆ. ಗೇರ್‌ಬಾಕ್ಸಿನ ಮೇಲೆ ಕುಳಿತು ಎಂಜಿನ್ನಿಗೆ ತಂಪು ನೀರು ಎತ್ತಿಕೊಡುವ ರಬ್ಬರ್ ಚಕ್ರಕ್ಕೂ ಪಂಖಾ ಎನ್ನುತ್ತಾರೆ. ‘ಪಂಖಾ ಬದಲಿಸಿ’ ಎಂದು ಬರೆದರೆ ಯಾವುದನ್ನು ಬದಲಿಸಬೇಕು?

ಎರಡನೆಯದು ‘ಹಿಡಿಯುವುದು’. ಎಂಜಿನ್ ತಿರುಗದೆ ನಿಂತರೆ ಕಾರಣ ಏನೇ ಇರಲಿ, ಮಾತು ಒಂದೇ: ‘ಹಿಡದದ.’ ಕಾರಣ ಬೇರೆಯಾದರೆ ಮಾಡುವ ಕೆಲಸವೂ ಬೇರೆ. ಇದನ್ನು ಹೇಗೆ ಬಿಡಿಸಿ ಹೇಳುವುದು?

ಮೂರನೆಯದು, ಪಂಖಾದ ಗುಂಬದ ನಡುವೆ ಅಡ್ಡಲಾಗಿ ಹಾಕುವ ಸಣ್ಣ ಪಿನ್ನು. ಪಂಖಾ ಬಂಡೆಗೆ ಬಡಿದರೆ ಗೇರ್ ಉಳಿಯಲಿ ಎಂದು ಇದು ತಾನು ತುಂಡಾಗುತ್ತದೆ. ಪಾರಿಭಾಷಿಕ ಅಚ್ಚಿನಲ್ಲಿ ‘ಛೇದಕ ಕೀಲು’ ಎನ್ನಬಹುದು, ಆದರೆ ಛೇದಕ ಎಂದರೆ ಕತ್ತರಿಸುವುದು. ಇದು ಕತ್ತರಿಸುವ ಕೀಲಲ್ಲ, ಕತ್ತರಿಸಿಹೋಗುವ ಕೀಲು.

ಕೊನೆಯದು ಪದವೂ ಅಲ್ಲ, ಬರೆಯುವ ರೀತಿ. ಪೆಟ್ರೋಲಿಗೆ ಆಯಿಲ್ ಬೆರೆಸುವ 50:1 ಎಂಬ ಲೆಕ್ಕವನ್ನು ‘ಒಂದಕ್ಕೆ ಐವತ್ತು’ ಎಂದು ಬರೆದರೆ ಸರಿಯಾಗಿ ತಿಳಿಯುತ್ತದೆಯೇ? ಬಲ್ಲವರು ತಿಳಿಸಬೇಕು.

—

ಸರ, ಶರಣು.

ಪಂಖಾ ಎಂಬ ಹೆಸರನ್ನು ಹೊರಗೆ ಕಾಣುವ ರೆಕ್ಕೆಗಳಿಗೇ ಬಿಟ್ಟುಬಿಡಿ. ಒಳಗಿನ ರಬ್ಬರ್ ಚಕ್ರಕ್ಕೆ ಹೊಸ ಪದ ಕಟ್ಟಬೇಡಿ, ಪಂಪ್‌ಸೆಟ್ ಕೆಲಸದವರ ಬಾಯಲ್ಲಿ ‘ಇಂಪೆಲ್ಲರ್’ ಆಗಲೇ ಇದೆ. ‘ರಬ್ಬರ್ ಇಂಪೆಲ್ಲರ್’ ಎಂದು ಎರಡೂ ಪದ ಸೇರಿಸಿ ಬರೆದರೆ ಗೊಂದಲವೇ ಇಲ್ಲ. ಇಲ್ಲಿ ಹೆಸರು ತಪ್ಪಿದರೆ ನಷ್ಟ ದೊಡ್ಡದು. ಓದಿದವನು ಗಟ್ಟಿಮುಟ್ಟಾದ ಪಂಖಾವನ್ನು ಬದಲಿಸಿ, ಒಣಗಿ ಬಿರಿದ ಇಂಪೆಲ್ಲರನ್ನು ಒಳಗೇ ಬಿಟ್ಟರೆ ನಡುನೀರಿನಲ್ಲಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ.

ಇಂಪೆಲ್ಲರ್ ಕೂಡಿಸುವ ಮಾತು ಬಂದಾಗ ದಿಕ್ಕನ್ನೂ ಬರೆಯಿರಿ. ಡ್ರೈವ್ ಶಾಫ್ಟಿನ ಮೇಲೆ ಕೀ ಇಟ್ಟು, ರಬ್ಬರಿಗೆ ಸ್ವಲ್ಪ ಗ್ಲಿಸರಿನ್ ಅಥವಾ ಸೋಪಿನ ನೀರು ಸವರಿ, ಶಾಫ್ಟನ್ನು ಎಂಜಿನ್ ತಿರುಗುವ ದಿಕ್ಕಿನಲ್ಲೇ, ಎಂದರೆ ಹೆಚ್ಚಿನ ಮೋಟರುಗಳಲ್ಲಿ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ಹೋಗುವ ಕಡೆ ತಿರುಗಿಸುತ್ತ, ಇಂಪೆಲ್ಲರನ್ನು ಮುಚ್ಚುವ ಮೇಲಿನ ಬಟ್ಟಲನ್ನು ಒತ್ತಬೇಕು. ಆಗ ರೆಕ್ಕೆಗಳು ಸರಿಯಾದ ಕಡೆ ಬಾಗುತ್ತವೆ. ಕೆಳಗಿನ ಸ್ಟೀಲ್ ತಟ್ಟೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ತಟ್ಟೆಯನ್ನೂ ಬದಲಿಸಬೇಕು. ಕರಾವಳಿಯ ಪುಸ್ತಕಗಳು ಉಪ್ಪಿನ ಬಗ್ಗೆ ಎಚ್ಚರಿಸುತ್ತವೆ. ನಮ್ಮ ಭೀಮಾ, ಕೃಷ್ಣೆಯಲ್ಲಿ ಉಪ್ಪಿಲ್ಲ, ಇರುವುದು ಗೋಡು ಮತ್ತು ಉಸುಕು. ಇಂಪೆಲ್ಲರನ್ನೂ ತಟ್ಟೆಯನ್ನೂ ತೇಯುವುದು ಅದೇ. ಸೊನ್ನ, ಗುರುಸಣಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಓಡಿಸಿದ ಮೋಟರನ್ನು ಬ್ಯಾರಲ್ಲಿನ ತಿಳಿನೀರಿನಲ್ಲಿ ಹತ್ತು ನಿಮಿಷ ನಡೆಸಿ ಗೋಡು ಹೊರಹಾಕಿ. ನೀರಿನ ಮಟ್ಟ ಪಂಪಿಗಿಂತ ಮೇಲಿರಲಿ. ಬ್ಯಾರಲ್ಲಿಗೆ ಇಳಿಸುವ ಮೊದಲು ಪಂಖಾ ಬಿಚ್ಚಿಡುವುದು ಲೇಸು. ಬರಿಗಾಳಿಯಲ್ಲಿ ಸುರು ಮಾಡಿದರೆ ರಬ್ಬರ್ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ.

ಪಂಪ್ ನಡೆಯುತ್ತಿದೆಯೋ ಇಲ್ಲವೋ ಎಂದು ತೋರಿಸಲು ಮೋಟರಿನ ಬದಿಯ ತೂತಿನಿಂದ ಸಣ್ಣ ಧಾರೆ ಚಿಮ್ಮುತ್ತದೆಯಲ್ಲ, ಅದಕ್ಕೆ ‘ಪಿಚಕಾರಿ’ ಎಂದು ಬರೆಯಿರಿ. ‘ಪಿಚಕಾರಿ ನಿಂತರೆ ಎಂಜಿನ್ ಬಂದ್ ಮಾಡಿ’ ಎಂಬ ಸಾಲು ಯಾರಿಗೂ ತಿಳಿಯುತ್ತದೆ. ತೂತಿನಲ್ಲೇ ಕಸ ಕಟ್ಟಿರಬಹುದು, ಮೊದಲು ತೆಳು ತಂತಿ ಆಡಿಸಿ ನೋಡಬೇಕು.

ಇನ್ನು ‘ಹಿಡಿಯೋದು’. ನಾಲ್ಕು ಬೇರೆ ಸಂಗತಿಗಳು ಈ ಒಂದು ಮಾತಿನ ಕೆಳಗೆ ಕೂತಿವೆ, ಬಿಡಿಸದಿದ್ದರೆ ಒಳ್ಳೆಯ ಎಂಜಿನ್ ಕೆಡುತ್ತದೆ. ಕೈಪಿಡಿಯಲ್ಲಿ ಹೆಸರಿಗಿಂತ ಮೊದಲು ಪರೀಕ್ಷೆ ಬರಲಿ: ಗೇರನ್ನು ನ್ಯೂಟ್ರಲ್ಲಿಗೆ ತಂದು, ಪ್ಲಗ್ ಬಿಚ್ಚಿ, ಫ್ಲೈವೀಲನ್ನು ಕೈಯಿಂದ ತಿರುಗಿಸುವುದು. ಪ್ಲಗ್ ಇದ್ದಾಗ ನಿಂತು, ಬಿಚ್ಚಿದ ಮೇಲೆ ನೀರು ಉಗುಳಿ ತಿರುಗಿದರೆ ಅದು ‘ನೀರು ತುಂಬಿ ನಿಂತದ್ದು’. ನ್ಯೂಟ್ರಲ್ಲಿನಲ್ಲಿ ತಿರುಗಿ ಗೇರಿನಲ್ಲಿ ನಿಂತರೆ ‘ಗೇರ್ ಸಿಕ್ಕಿಕೊಂಡದ್ದು’. ಎರಡರಲ್ಲೂ ತಿರುಗದಿದ್ದರೆ ಗೇರ್‌ಬಾಕ್ಸನ್ನು ಕೆಳಗಿಳಿಸಿ ಮತ್ತೊಮ್ಮೆ ನೋಡಬೇಕು. ಆಗಲೂ ಜಗ್ಗದಿದ್ದರೆ ತಪ್ಪು ಮೇಲಿನ ಎಂಜಿನ್ನಿನಲ್ಲಿದೆ. ಅಲ್ಲಿ ಉಳಿಯುವ ಎರಡು: ಬಹಳ ದಿನ ನಿಂತು ‘ಜಂಗು ಹಿಡಿದದ್ದು’, ಆಯಿಲ್ ಅಥವಾ ನೀರು ಸಾಲದೆ ‘ಕಾದು ಹಿಡಿದದ್ದು’.

ಜಂಗು ಹಿಡಿದದ್ದನ್ನು ಹೆಚ್ಚಿನ ಸಲ ಉಳಿಸಬಹುದು. ಪ್ಲಗ್ ತೂತಿನಲ್ಲಿ ಡೀಸೆಲ್ ಮತ್ತು ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಎಟಿಎಫ್ (ATF) ಆಯಿಲ್ ಸಮಸಮ ಬೆರೆಸಿ ಸುರಿದು ಮೂರ್ನಾಲ್ಕು ದಿನ ಬಿಡಬೇಕು. ಆಮೇಲೆ ಫ್ಲೈವೀಲಿನ ನಟ್ಟಿಗೆ ಪಾನಾ ಹಾಕಿ ಬಿಗಿಯಾಗುವ ದಿಕ್ಕಿನಲ್ಲಿ ಮೆಲ್ಲಗೆ ಒತ್ತಬೇಕು. ಸುರು ಮಾಡುವ ಹಗ್ಗ ಜಗ್ಗಬಾರದು, ಪಿಸ್ಟನ್ನಿನ ತಲೆಗೆ ಸುತ್ತಿಗೆ ಮುಟ್ಟಿಸಲೇಬಾರದು. ತಿರುಗಿದ ಮೇಲೆ ಎರಡೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ: ಪ್ಲಗ್ ಎಲ್ಲ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ನಾಲ್ಕೈದು ಸಲ ಹಗ್ಗ ಎಳೆಯಬೇಕು. ಎರಡರ ನಡುವೆ ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ಅಂತರ ಬಂದರೆ ಎಂಜಿನ್ ಬಿಚ್ಚಲೇಬೇಕು.

ಕಾದು ಹಿಡಿದದ್ದರಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರಿನ ಗೋಡೆಗೆ ಮೆತ್ತಿರುತ್ತದೆ, ಉದ್ದುದ್ದ ಗೀರು ಬಿದ್ದಿರುತ್ತವೆ. ಬರೀ ರಿಂಗ್ ಬದಲಿಸಿದರೆ ಸಾಲದು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ಸವೆತ ಸುಮಾರು 0.08 ಮಿ.ಮೀ. ದಾಟಿದ್ದರೆ ಬೋರ್ ಮಾಡಿಸಬೇಕಾಗುತ್ತದೆ (‘ಬೋರ್ ಹೊಡೆಸು’ ಎಂದು ಬರೆಯಬೇಡಿ, ಈ ಕಡೆ ಅದು ಕೊಳವೆಬಾವಿ). 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ ಮೊದಲು ಕೈಗೆ ಬರಲಿ, ಅದರ ಅಳತೆಗೆ ಲೇತಿನವರು ಕೊರೆಯಲಿ. ಕೊರೆದ ಮೇಲೆ ಪೋರ್ಟುಗಳ (ಸಿಲಿಂಡರಿನ ಗೋಡೆಯಲ್ಲಿ ಮಿಶ್ರಣ, ಹೊಗೆ ಹಾಯುವ ತೂತುಗಳ) ಅಂಚು ಚೂಪಾಗಿರುತ್ತದೆ, ಅದನ್ನು ಸಣ್ಣಗೆ ಉಜ್ಜಿ ಮೊಂಡು ಮಾಡಬೇಕು. ಪಿಸ್ಟನ್ನಿನಲ್ಲಿ ರಿಂಗ್ ಕೂಡುವ ತೋಡಿನಲ್ಲಿ ಸಣ್ಣ ಗೂಟಗಳಿರುತ್ತವೆ, ರಿಂಗಿನ ಬಾಯಿ ಆ ಗೂಟಕ್ಕೇ ಕೂಡಬೇಕು. ತಪ್ಪಿದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಸ್ಕೂಟರ್ ಎಂಜಿನ್ ಕಟ್ಟಿದವರಿಗೆ ಇದು ಗೊತ್ತು, ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ ಮಾತ್ರ ಬಿಚ್ಚಿದವರಿಗೆ ಗೊತ್ತಿರಲಿಕ್ಕಿಲ್ಲ.

ನೀವು ಕೇಳದ ಒಂದು ಮಾತನ್ನೂ ಸೇರಿಸಿಕೊಳ್ಳಿ: ‘ಗಾಳಿ ಎಳೆಯೋದು’. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪೆಟ್ರೋಲ್ ಗಾಳಿಯ ಪಂಪ್. ಅದರ ಎರಡು ಹೋಳುಗಳ ಸಂದಿಯಲ್ಲೋ ಸೀಲಿನಲ್ಲೋ ಗಾಳಿ ಎಳೆದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು ತೂತು ಬೀಳುತ್ತದೆ. ಸಂದಿಗೆ ಸಿಲಿಕಾನ್ ದಪ್ಪಗೆ ಮೆತ್ತಬಾರದು, ಲೋಹಕ್ಕೆ ಲೋಹ ಕೂಡುವಲ್ಲಿ ಹಾಕುವ ಅನೆರೋಬಿಕ್ ಸೀಲಂಟನ್ನು ತೆಳುವಾಗಿ ಸವರಬೇಕು. ಇದಕ್ಕೆ ‘ಸೋರಿಕೆ’ ಎಂಬ ಪದ ಒಗ್ಗುವುದಿಲ್ಲ. ಸೋರುವುದು ಒಳಗಿನಿಂದ ಹೊರಕ್ಕೆ, ಇಲ್ಲಿ ಗಾಳಿ ಹೊರಗಿನಿಂದ ಒಳಕ್ಕೆ ಹೋಗುತ್ತದೆ.

—

ಮೇಲಿನ ಉತ್ತರಕ್ಕೆ ಬೀದರ್ ಕಡೆಯಿಂದ ಸ್ವಲ್ಪ ಸೇರಿಕೆ.

ಪಿನ್ನಿಗೆ ‘ಹಿತ್ತಾಳಿ ಪಿನ್ನು’ ಎನ್ನಬಹುದಿತ್ತು, ಹೆಸರು ಕೇಳಿದವನು ಅಲ್ಲಿ ಮೊಳೆ ತುರುಕುವುದಿಲ್ಲ. ಆದರೆ ಕೆಲವು ಮಾದರಿಗಳಲ್ಲಿ ಸ್ಟೀಲಿನ ಪಿನ್ನೇ ಬರುತ್ತದೆ, ಅಲ್ಲಿ ಹೆಸರು ಸುಳ್ಳಾಗುತ್ತದೆ. ‘ತುಂಡಾಗೋ ಪಿನ್ನು’ ಸರಿ. ಆಡುಮಾತಿನ ರೂಪವೇ ಇರಲಿ, ಅದು ಮಾಡುವ ಕೆಲಸವನ್ನು ಪೂರ್ತಿ ಹೇಳುತ್ತದೆ. ಇದರ ಕೆಳಗೆ ಎರಡು ಸಾಲು ಬೇಕು: ಕಂಪನಿಯ ಅಳತೆ ಮತ್ತು ಲೋಹದ ಪಿನ್ನನ್ನೇ ಹಾಕಬೇಕು, ಎರಡು ಹೆಚ್ಚಿನವು ದೋಣಿಯಲ್ಲೇ ಇರಬೇಕು. ಗಟ್ಟಿ ಮೊಳೆ ಹಾಕಿದರೆ ಮುಂದಿನ ಬಂಡೆಗೆ ಪಿನ್ನಿನ ಬದಲು ಗೇರಿನ ಹಲ್ಲು ಹೋಗುತ್ತದೆ.

‘ಜಂಗು’ ಕಬ್ಬಿಣಕ್ಕೆ ಸರಿ. ಅಲ್ಯೂಮಿನಿಯಂ ಮೇಲೆ ಏಳುವ ಬಿಳಿ ಹಿಟ್ಟಿಗೆ ‘ಕಿಲುಬು’ ಬಳಸಿ. ತಾಮ್ರ, ಹಿತ್ತಾಳೆಗೆ ನಾವು ಹೇಳುವ ಪದವೇ, ‘ಬಿಳಿ ಕಿಲುಬು’ ಎಂದರೆ ಅರ್ಥವಾಗುತ್ತದೆ. ಬೇರೆ ಮಾಡಲೇಬೇಕು, ಏಕೆಂದರೆ ಅಲ್ಯೂಮಿನಿಯಮ್ಮಿನೊಳಗಿನ ಸ್ಟೀಲ್ ಬೋಲ್ಟನ್ನು ಹಿಡಿದಿಡುವುದು ಈ ಉಬ್ಬಿದ ಕಿಲುಬು. ಬಲ ಹಾಕಿದರೆ ಬೋಲ್ಟಿನ ತಲೆ ಕಳಚುತ್ತದೆ. ಪೆಟ್ರೋಲ್ ಟ್ಯಾಂಕು, ಕಾರ್ಬೋರೇಟರು ದೂರ ತೆಗೆದಿಟ್ಟು, ಬೋಲ್ಟನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಮ್ಮನ್ನು ಕಾಯಿಸಿ, ಸ್ವಲ್ಪ ಬಿಗಿ ಸ್ವಲ್ಪ ಸಡಿಲ ಮಾಡುತ್ತ ಬಿಡಿಸಬೇಕು.

ಗೇರ್ ಆಯಿಲ್ ‘ಹಾಲಾಗಿದೆ’ ಎಂಬ ಮಾತನ್ನು ಹಾಗೆಯೇ ಉಳಿಸಿ. ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನಲ್ಲಿ ನೀರು ಹೋಗಿದೆ ಎಂದೇ ಅರ್ಥ, ಸೀಲ್ ಬದಲಿಸದೆ ಹೊಸ ಆಯಿಲ್ ಹಾಕಿ ಪ್ರಯೋಜನವಿಲ್ಲ. ಆಯಿಲನ್ನು ಕೆಳಗಿನ ತೂತಿನಿಂದಲೇ ಮೇಲಕ್ಕೆ ತುಂಬಬೇಕು. ಮೇಲಿನ ತೂತಿನಲ್ಲಿ ಗುಳ್ಳೆ ನಿಂತು ಆಯಿಲ್ ಬಂದಾಗ ಮೊದಲು ಮೇಲಿನ ಪೇಚು, ಆಮೇಲೆ ಕೆಳಗಿನದು.

50:1 ಬಗ್ಗೆ: ‘ಒಂದಕ್ಕೆ ಐವತ್ತು’ ಬೇಡವೇ ಬೇಡ. ಒಂದು ಲೀಟರಿಗೆ 50 ಮಿ.ಲೀ. ಎಂದು ಓದುವವರೇ ಹೆಚ್ಚು. ‘ಲೀಟರ್ ಪೆಟ್ರೋಲಿಗೆ 20 ಮಿ.ಲೀ., ಐದು ಲೀಟರಿಗೆ 100 ಮಿ.ಲೀ.’ ಎಂದು ಬರೆಯಿರಿ. ಇನ್ನೂ ಹಳೆಯ ಮೋಟರುಗಳು ಇದಕ್ಕಿಂತ ಹೆಚ್ಚು ಆಯಿಲ್ ಕೇಳುತ್ತವೆ, ಮೋಟರಿನ ಮೇಲಿನ ಪಟ್ಟಿ ನೋಡಿಯೇ ಹಾಕಬೇಕು. ‘ಟೂಟಿ (2T, ಎಂದರೆ ಟೂ ಸ್ಟ್ರೋಕ್) ಆಯಿಲ್’ ಎಂದಷ್ಟೇ ಬರೆದರೆ ಸ್ಕೂಟರಿನದೇ ಬಂದು ಬೀಳುತ್ತದೆ. ಅದು ಗಾಳಿಯಿಂದ ತಂಪಾಗುವ ಬಿಸಿ ಎಂಜಿನ್ನಿಗೆ ಮಾಡಿದ್ದು. ನೀರಿನಿಂದ ತಂಪಾಗುವ ಈ ಎಂಜಿನ್ನಿನಲ್ಲಿ ಅದರ ಬೂದಿ ಪಿಸ್ಟನ್ ಮೇಲೆ, ರಿಂಗಿನ ತೋಡಿನಲ್ಲಿ ಕಟ್ಟುತ್ತದೆ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 (TC-W3) ಎಂದಿರಬೇಕು, ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲಿಗೆ ಅದೇ ಗುರುತು. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಮೊದಲ 10 ತಾಸು ಲೀಟರಿಗೆ 40 ಮಿ.ಲೀ. ಹಾಕಿ, ಥ್ರಾಟಲ್ ಪೂರ್ತಿ ತೆರೆಯದೆ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ ನಡೆಸಬೇಕು. ಮೊದಲ ಸಲ ಕಾದು ಆರಿದ ಮೇಲೆ ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಸಾಗುತ್ತ ಟಾರ್ಕ್ ಪಾನಾದಿಂದ ಇನ್ನೊಮ್ಮೆ ನೋಡಿಕೊಳ್ಳಬೇಕು.